ಒಂದ ತೂತು

ಬ್ಯಾಡಗಿಯ ಹಳೇ ಗೋದಾಮು. ಮೆಣಸಿನಕಾಯಿ ಖಾಲಿ ಆಗಿ
ಎರಡು ವರ್ಷ ಆತು, ಘಾಟು ಖಾಲಿ ಆಗಿಲ್ಲ.
ಗ್ವಾಡಿ ಬಿರುಕಿನ್ಯಾಗ, ತೊಲಿ ಮ್ಯಾಲ ಕೆಂಪನ ಧೂಳು
ಇನ್ನೂ ಬಾಡಿಗಿ ಕೊಡದ ಕುಂತೈತಿ.
ಹತ್ತು ಮೀಟರ್ ಅಳದು ಸುಣ್ಣದ ಗೆರಿ ಹೊಡದಾರ.
ಆ ಕಡೆ ಬಲ್ಬಿನ ಕೆಳಗ ನಾಕು ಕಾಗದ,
ಈ ಕಡೆ ನಾನು, ನನ್ನ ಮೂಗು,
ಯಾವಾಗ ಸೀನು ಬರ್ತೈತೋ ಅಂತ
ಅಂಜಿಕೊಂತ ಹೆಗಲಿಗೆ ಏರಿಸಿದ ರೈಫಲ್ಲು.

ಹವಾಲ್ದಾರ್ ದಾವಲಸಾಬ ನದಾಫರು
ಮೊದಲ ತಿಂಗಳು ಗುಂಡೇ ಕೊಡಲಿಲ್ಲ.
ಖಾಲಿ ರೈಫಲ್ಲು, ಖಾಲಿ ಗ್ವಾಡಿ.
ಟಕ್ ಅಂದ್ರ ಒಂದು ಹೊಡದಂಗ.
ದಿನಕ್ಕ ಇನ್ನೂರು ಟಕ್, ನೋಟ್‌ಬುಕ್ಕಿನ್ಯಾಗ ಬರೀಬೇಕು.
ಸುಳ್ಳು ಬರದ್ರ ಅವರಿಗೆ ಗೊತ್ತಾಗ್ತಿತ್ತು, ಹ್ಯಾಂಗೋ.

ಗುಂಡು ಕೊಟ್ಟ ದಿನ, ಮೊದಲನೇದ ಹತ್ತಕ್ಕ ಬಿತ್ತು.
ಕುಣದಾಡಿದೆ.
ಉಳದ ನಾಕು ಕಾಗದದ ನಾಕೂ ದಿಕ್ಕಿಗೆ,
ಹೊಲ ಹಂಚಿಕೊಂಡು ಮಾತು ಬಿಟ್ಟ ಅಣತಮ್ಮರಂಗ.
ಸಾಹೇಬ್ರು ಹತ್ತನ್ನ ನೋಡಲೇ ಇಲ್ಲ.
ಮಗ್ಗಲದ ಚನ್ನವೀರನ ಕಾಗದ ತಂದು ಹಿಡದ್ರು:
ಐದೂ ಗುಂಡು ಕೆಳಗ, ಎಡಕ್ಕ, ಏಳರ ಉಂಗುರದಾಗ,
ಒಂದರ ಮ್ಯಾಲ ಒಂದು,
ಇಲಿ ಕಡದಂಗ ಒಂದ ತೂತು.
"ಇವನ ತಪ್ಪಿಗೆ ವಿಳಾಸ ಐತಿ,
ಸೈಟು ನಾಕು ಕ್ಲಿಕ್ ತಿರುವಿದ್ರ ಮುಗೀತು.
ನಿನ್ನದಕ್ಕ ಯಾವ ಸ್ಕ್ರೂ ತಿರುವಲಿ ಹೇಳವ್ವಾ?"

ಆಮ್ಯಾಲಿಂದು ಹೇಳೂವಂಥಾದ್ದೇನಿಲ್ಲ, ಬರೇ ಪಾದದ ಸುದ್ದಿ.
ಗುರಿ ಹಿಡಿ. ಕಣ್ಣು ಮುಚ್ಚು.
ಎರಡು ಉಸಿರು ಬಿಟ್ಟು ಕಣ್ಣು ತಗಿ.
ಕರಿ ಬಟ್ಟು ಉಂಗುರದ ನಡುವ ಇಲ್ಲಂದ್ರ
ಕೈಲೆ ಎಳೀಬ್ಯಾಡ,
ಎಳದದ್ದು ಟಕ್ ಅನ್ನೂ ಹೊತ್ತಿಗೆ ತವರಿಗೆ ಹೊಕ್ಕೈತಿ.
ಹಿಂದಿನ ಹಿಮ್ಮಡ ಒಂದು ಜ್ವಾಳದ ಕಾಳಿನಷ್ಟು ಸರಿಸು.
ಮತ್ತ ಕಣ್ಣು ಮುಚ್ಚು.
ಹಿಂಗ ಮಳಿಗಾಲ ಒಂದು ಪೂರ್ತಿ
ನಾನು ಹಿಮ್ಮಡ ಸರಿಸಿಕೊಂತ ನಿಂತೆ.

ಅವ್ವ ಮಾರ್ಕೆಟ್ಟಿನ್ಯಾಗ ತೊಟ್ಟು ಬಿಡಸ್ತಾಳ, ಕಿಲೋಕ್ಕ ಇಷ್ಟು ಅಂತ.
ಚೀಲದ ಮ್ಯಾಲ ಕುಂತು,
ಯಾರದೋ ಲಗ್ನ ಮುರದದ್ದು ಹೇಳಿಕೊಂತ,
ಕಣ್ಣು ಎಲ್ಲೋ, ಹೆಬ್ಬೆರಳು ಮಾತ್ರ ಪ್ರತಿ ಕಾಯಿಗೂ ಅಷ್ಟ.
ಕಾಯಿ ಒಡಿಯೂದಿಲ್ಲ, ಬೀಜ ಚೆಲ್ಲೂದಿಲ್ಲ,
ಯಾವಾಗ ಬಂದೆ ಅಂತ ತೊಟ್ಟಿಗೇ ಗೊತ್ತಿಲ್ಲ.

ಅವತ್ತ ನನಗ ಟ್ರಿಗರ್ ತಿಳೀತು ಅಂತ ಬರೀಬಹುದು.
ಸುಳ್ಳು.
ಅವ್ವನ ಜೋಡಿ ಒಂದು ಚೀಲ ಬಿಡಿಸಿ, ಕೈ ತೊಳದು
ರೇಂಜಿಗೆ ಹೋದೆ.
ಗಲ್ಲ ಒರಸಿದ ಕೈ ಕಣ್ಣಿಗೆ ಹೋತು.
ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ ಅಂತಾರಲ್ಲ,
ಅವರ ಕಣ್ಣಿಗೆ ಹಚ್ಚಬೇಕು.
ಸುರಿಯೂ ನೀರಾಗ ಮೂರು ಕರಿ ಚಂದ್ರ ತೇಲಾಡಿದವು.
ಎಂಟು. ಆರು. ಒಂಬತ್ತು. ಒಂದು ಗ್ವಾಡಿಗೆ.
ಸಾಹೇಬ್ರು ನಗಲಿಲ್ಲ. "ಬರಿ" ಅಂದ್ರು.
ಬರದೆ: ಖಾರ.

ನೋಟ್‌ಬುಕ್ಕಿನ್ಯಾಗ ಈಗ ಇಂಥಾವ ಬಾಳ ಅದಾವು.
ಸೀನು. ಊಟ ತಡ. ಮುಟ್ಟು, ಎರಡನೇ ದಿನ.
ಗಿರಣಿ ಬೆಲ್ಟು ಹರದ ಸಪ್ಪಳ.
ಚನ್ನವೀರ ಈ ಕಡೆ ನೋಡಿದ.
ಚನ್ನವೀರ ನೋಡಲಿಲ್ಲ.
ಗುಂಡು ಹೋದ ಕೂಡಲೇ ತಲಿ ಎತ್ತಿದೆ, ಎಲ್ಲಿ ಬಿತ್ತಂತ.
ಇದೊಂದು ಹದಿನೇಳು ಸಲ ಐತಿ.
"ಹೋದಮ್ಯಾಲೂ ಇರು," ಅಂತಿದ್ರು ಸಾಹೇಬ್ರು,
"ಬಾಗಿಲ ದಾಟಿದ ಬೀಗರನ್ನ
ಓಣಿ ತಿರುವಿನ ತನಕ ನೋಡ್ತೀವಲ್ಲ, ಹಂಗ."

ನಿನ್ನೆ ಸಂಜಿ ಅವ್ವ ಗೋದಾಮಿನ ಬಾಗಿಲಿಗೆ ಬಂದು ಕುಂತಿದ್ಲು,
ಮನಿ ಕೀಲಿ ನನ್ನ ಹಂತ್ಯಾಕ ಇತ್ತು ಅಂತ.
ಐದು ಹೊಡದೆ.
ಐದನೇದರ ಸಪ್ಪಳ ತಗಡಿನ್ಯಾಗ ಸತ್ತಮ್ಯಾಲೂ
ಗಲ್ಲ ಕಟ್ಟಿಗಿ ಬಿಡಲಿಲ್ಲ,
ಉಸಿರು ತಾನ ಬೇಕಾದಾಗ ಬಂತು.
ಕಾಗದ ತಂದು ತೋರಿಸಿದೆ: ಬಲಕ್ಕ, ಮ್ಯಾಲ, ಎಂಟರ ಉಂಗುರದಾಗ.
ಸಾಹೇಬ್ರು ಚಷ್ಮಾ ಏರಿಸಿ ನೋಡಿ,
ಏನೂ ಅನ್ನದ ಸ್ಕ್ರೂಡ್ರೈವರ್ ಹುಡುಕಾಕ ಹೋದ್ರು.

ರೈಫಲ್ಲು ಮುಟ್ಟಿ ನೋಡು ಅಂದ್ರ ಅವ್ವ ಕೈ ಹಿಂದಕ್ಕ ತಗೊಂಡ್ಲು,
"ಬ್ಯಾಡ, ನನ್ನ ಕೈ ಖಾರ ಐತಿ."
ಕಾಗದ ಮಾತ್ರ ಅಂಚಿಗೆ ಹಿಡದು
ಬಲ್ಬಿಗೆ ಎತ್ತಿ, ಆ ಕಡಿಂದ ಈ ಕಡಿಂದ ನೋಡಿದ್ಲು.
"ಐದು ಗುಂಡಿನ ರೊಕ್ಕ ಹಾಕಿ
ಒಂದ ತೂತೇನ?"